ದೊಡ್ಡ ಸದ್ದು

ಮಾನ್‌ಸ್ಟರ್ ಟ್ರಕ್ ಪ್ರದರ್ಶನದ ಗೇಟಿನಲ್ಲಿ ಇಯರ್‌ಪ್ಲಗ್ ಮಾರುವವನು ತಾಯಿ ಮಗಳಿಬ್ಬರನ್ನೂ ತಡೆದ.

“ಮಗೂಗೆ ಒಂದು ಜೊತೆ ತಗೊಳ್ಳಿ ಅಕ್ಕಾ. ಆ ಗಾಡೀಗೆ ಸೈಲೆನ್ಸರೇ ಇಲ್ಲ.”

“ಬೇಡಪ್ಪ.”

“ಇಪ್ಪತ್ತು ರೂಪಾಯಿಗೆ ಜಿಪುಣತನ ಮಾಡಿ ಮಗೂ ಕಿವಿ ಕೆಡಿಸ್ತೀರಲ್ಲ.”

ತಾಯಿ ಮಗಳ ಕೈ ಹಿಡಿದು ಒಳಗೆ ನಡೆದಳು. ಬಹಳ ದೊಡ್ಡ ಸದ್ದಾದರೆ ಮಗುವಿಗೆ ಕೇಳಿಸಿದರೂ ಕೇಳಿಸೀತು ಎಂದು ಡಾಕ್ಟರು ಹೇಳಿದ್ದರು. ಮಗಳ ಬೆನ್ನ ಹಿಂದೆ ನಿಂತು ತಟ್ಟೆ ಬಡಿದಾಗಿತ್ತು, ಪಟಾಕಿ ಹೊಡೆದಾಗಿತ್ತು. ಆರು ವರ್ಷದಲ್ಲಿ ಅವಳು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಈ ಟ್ರಕ್ಕಿನದಕ್ಕಿಂತ ದೊಡ್ಡ ಸದ್ದು ತಾಯಿಗೆ ಗೊತ್ತಿರಲಿಲ್ಲ.

ಮುಂದಿನ ಸಾಲಿನಲ್ಲೇ ಕೂತರು. ಆಳೆತ್ತರದ ಚಕ್ರಗಳ ಟ್ರಕ್ಕು ನಿಂತಲ್ಲೇ ಗುಡುಗತೊಡಗಿತು. ಸುತ್ತಲಿನವರೆಲ್ಲ ಕಿವಿ ಮುಚ್ಚಿಕೊಂಡರು. ಮಗಳೂ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು.

ಕೇಳಿಸಿತಾ ಎಂದು ತಾಯಿ ಕೈಸನ್ನೆಯಲ್ಲಿ ಕೇಳಿದಳು. ಮಗಳು ಹೌದೆಂದು ತಲೆಯಾಡಿಸಿದಳು. ತಾಯಿ ಅವಳನ್ನು ಬಾಚಿ ತೊಡೆಯ ಮೇಲೆ ಕೂರಿಸಿಕೊಂಡು ಅತ್ತಳು, ನಕ್ಕಳು, ಮತ್ತೆ ಅತ್ತಳು.

“ನನ್ನ ಮಗಳಿಗೆ ಕೇಳಿಸ್ತು ಕಣ್ರೀ,” ಎಂದು ಪಕ್ಕದವರಿಗೆ ಕೂಗಿ ಹೇಳಿದಳು.

ಎಂಜಿನ್ ಆಫ್ ಆಯಿತು. ಮೈದಾನವೆಲ್ಲ ನಿಶ್ಶಬ್ದವಾಗಿ, ಜನ ಕೈ ಇಳಿಸಿದರು. ಅಮ್ಮನ ನಗುಮುಖವನ್ನೇ ನೋಡುತ್ತಿದ್ದ ಮಗಳು ಮಾತ್ರ ಕಿವಿಗಳನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡಳು.