ಹೇಳಿಕೊಡದ ಪದ

ಕುರ್‌ಆನ್ ಬಾಯಿಪಾಠ ಒಪ್ಪಿಸುವುದು ಹೇಗೆಂದು ಮದರಸಾದ ಮಕ್ಕಳಿಗೆ ತೋರಿಸಲು ಬಂದ ಮುದಿ ಉಸ್ತಾದರು ನಡುವೆಯೇ ತಡವರಿಸಿ ನಿಂತರು. ಒಂದೇ ಥರ ಶುರುವಾಗುವ ಎರಡು ವಚನಗಳಿದ್ದವು. ಮೊದಲಿನಿಂದ ಎರಡು ಸಲ ಹೇಳಿ ನೋಡಿದರೂ ಅಲ್ಲೇ ದಾರಿ ತಪ್ಪಿ, ಇನ್ನೊಂದು ವಚನವಿರುವ ಬೇರೆ ಅಧ್ಯಾಯಕ್ಕೆ ಹೊಕ್ಕಿದ್ದರು.

ಮುಂದಿನ ಪದ ಪಕ್ಕದಲ್ಲಿ ಕೂತ ಟೀಚರಮ್ಮನ ನಾಲಿಗೆಯ ತುದಿಯಲ್ಲೇ ಇತ್ತು. ಚಿಕ್ಕಂದಿನಲ್ಲಿ ಅವಳು ಇದೇ ಜಾಗದಲ್ಲಿ ಎಡವಿದ್ದಕ್ಕೆ ಇದೇ ಉಸ್ತಾದರು ಅಂಗೈ ಬಾತುಕೊಳ್ಳುವಂತೆ ಬೆತ್ತ ಬೀಸಿದ್ದರು. ಒದ್ದಾಡಲಿ ಎಂದುಕೊಂಡು ತುಟಿಪಿಟಿಕ್ಕೆನ್ನದೆ ಕೂತಳು. ಅವರ ಹಣೆಯಲ್ಲಿ ಬೆವರೊಡೆದಾಗ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮುಂದಿನ ಸಾಲಿನ ಪುಟ್ಟ ಹುಡುಗಿಯೇ ಆ ಪದ ಹೇಳಿಕೊಟ್ಟಳು. ಆಮೇಲೆ ಅವರ ಕೈ ಹಿಡಿದು, "ಹೆದರ್ಕೋಬೇಡಿ ಅಜ್ಜ, ಮರೆತ್ರೆ ನಮ್ಮ ಟೀಚರ್ ಹೊಡೆಯಲ್ಲ" ಎಂದಳು.

ಉಸ್ತಾದರು ಟೀಚರಮ್ಮನನ್ನು ನೋಡಿದರು. ಬೆತ್ತ ಹಿಡಿಯುತ್ತಿದ್ದ ಆ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಬೆನ್ನ ಹಿಂದೆ ಅಡಗಿಸಿಟ್ಟರು.