ಸಿಕ್ಕಿಕೊಂಡ ಪಿನ್ನು

ಎಡಗಡೆಯ ಮುಂದಿನ ಚಕ್ರ ಬಿಚ್ಚಿ ಹಳೆಯ ಬ್ರೇಕ್ ಪ್ಯಾಡುಗಳನ್ನು ಹೊರಗೆಳೆದು ಓವಿಡಿಯೊ ಬೆಳಕಿಗೆ ಹಿಡಿದ. ಒಳಗಿನ ಪ್ಯಾಡು ಸವೆದು ಉಗುರಿನಷ್ಟು ತೆಳ್ಳಗಾಗಿತ್ತು. ಹೊರಗಿನದರಲ್ಲಿ ಇನ್ನೂ ಅರ್ಧ ಬೆರಳು ದಪ್ಪವಿತ್ತು. ಪ್ಯಾಡುಗಳನ್ನು ಒತ್ತಿ ಹಿಡಿಯುವ ಕ್ಯಾಲಿಪರ್ ಹಿಂದಕ್ಕೂ ಮುಂದಕ್ಕೂ ಜಾರಲು ಆಧಾರವಾದ ಪಿನ್ನು ತುಕ್ಕು ಹಿಡಿದು ಸಿಕ್ಕಿಕೊಂಡು ಒಂದೇ ಕಡೆಯನ್ನು ತಿಂದುಹಾಕಿತ್ತು. ಭಾನುವಾರ ನೂಬಿಯಾ ಇದೇ ಕಾರಿನಲ್ಲಿ ಲೆತ್ರಾಸ್ ಘಾಟಿ ಹತ್ತಿ, ಆ ಬದಿಗೆ ಎಂಬತ್ತು ಕಿಲೋಮೀಟರು ಒಂದೇ ಸಮನೆ ಇಳಿಯುವವಳಿದ್ದಳು.

"ಎಷ್ಟು ದಿನದಿಂದ ಕಿರ್ ಅಂತಿತ್ತು ಇದು?"

"ಈಸ್ಟರ್ ಹಬ್ಬದಿಂದ," ಮೆಟ್ಟಿಲ ಮೇಲೆ ಕೂತಿದ್ದ ನೂಬಿಯಾ ಹೇಳಿದಳು. "ರೇಡಿಯೊ ಜೋರಾಗಿಟ್ರೆ ಕೇಳಿಸ್ತಿರಲಿಲ್ಲ."

ನಾಲ್ಕು ವರ್ಷದ ಹಿಂದೆ ಗಂಡ ಹೆಂಡತಿ ಬೇರೆಯಾದಾಗ ಕಾರು ಅವಳ ಪಾಲಿಗೆ ಹೋಗಿ ಸ್ಪ್ಯಾನರುಗಳ ಪೆಟ್ಟಿಗೆ ಇವನ ಪಾಲಿಗೆ ಬಂದಿತ್ತು. ಇವನು ಅದೇ ಗುಡ್ಡದೂರು ಮನಿಸಾಲೆಸ್‌ನಲ್ಲಿ, ಮೂರು ಬೀದಿ ಮೇಲೆ ಒಂದು ಕೋಣೆ ಹಿಡಿದಿದ್ದ. ಕಾರು ಕೆಟ್ಟಾಗ ಅವಳು ಕರೆಯುತ್ತಿದ್ದಳು, ಇವನು ಬರುತ್ತಿದ್ದ. ಈಗ ಅವಳು ಕಡಲ ತೀರದ ಸಾಂತಾ ಮಾರ್ತಾದಲ್ಲಿ ಅಕ್ಕನ ಹೊಲಿಗೆ ಅಂಗಡಿ ಸೇರಲು ಹೊರಟಿದ್ದಳು. ಸಮುದ್ರ ತೋರಿಸುತ್ತೇನೆ ಎಂದು ಮದುವೆಯ ಹೊಸದರಲ್ಲಿ ಮಾತು ಕೊಟ್ಟಿದ್ದವನು ಓವಿಡಿಯೊ. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿ ಊರವರನ್ನೆಲ್ಲ ಕರಾವಳಿಗೆ ಮುಟ್ಟಿಸಿ ಬಂದವನೂ ಅವನೇ. ಅವಳಿಗೆ ಮಾತ್ರ ಒಂದು ಸೀಟು ಖಾಲಿಯಾಗಲಿಲ್ಲ.

"ಭಾನುವಾರಕ್ಕೆ ಆಗಲ್ಲ," ಎಂದ ಅವನು, ತಲೆ ಎತ್ತದೆ. "ಪಿನ್ನು ಕಚ್ಕೊಂಡಿದೆ. ಹೊಸದು ಪೆರೇರಾ ಪೇಟೆಯಿಂದ ತರಿಸ್ಬೇಕು. ಒಂದು ವಾರ, ಹತ್ತು ದಿನ ಆಗುತ್ತೆ."

"ಸರಿ, ಅಕ್ಕನಿಗೆ ಫೋನ್ ಮಾಡಿ ಹೇಳ್ತೀನಿ," ಎಂದು ಎದ್ದು ಒಳಗೆ ಹೋದಳು.

ಓವಿಡಿಯೊ ಕ್ಯಾಲಿಪರನ್ನು ತಂತಿಯಿಂದ ಮೇಲಕ್ಕೆ ಕಟ್ಟಿ, ಪಿನ್ನಿಗೆ ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಸ್ಪ್ಯಾನರು ಹಾಕಿ ತಿರುಗಿಸಿದ. ಹತ್ತು ನಿಮಿಷಕ್ಕೆ ಅದು ಸಡಿಲಾಗಿ ಕೈಗೆ ಬಂತು. ಉಕ್ಕಿನ ಬ್ರಷ್ಷಿನಿಂದ ಉಜ್ಜಿದರೆ ಹೊಸದರಂತೆ ಹೊಳೆಯಿತು. ಎಲ್ಲಿಂದಲೂ ಏನನ್ನೂ ತರಿಸಬೇಕಾಗಿರಲಿಲ್ಲ. ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂತ. ಹತ್ತು ದಿನ. ದಿನಾ ಬೆಳಿಗ್ಗೆ ಇಳಿದು ಬಂದು, ಸಾಮಾನು ಇನ್ನೂ ಬಂದಿಲ್ಲ ಎಂದು ಹೇಳಬಹುದು. ಅವಳು ಒಳಗೆ ಬಾ ಎನ್ನಬಹುದು. ಹತ್ತು ದಿನದಲ್ಲಿ ಮಾತು ಎಲ್ಲಿಗೆ ಬೇಕಾದರೂ ಹೋಗಬಹುದು.

ನೂಬಿಯಾ ಬಟ್ಟಲಲ್ಲಿ ಬಿಸಿ ಬೆಲ್ಲದ ನೀರು ತಂದು ಅವನ ಪಕ್ಕದಲ್ಲಿಟ್ಟಳು. ಮೊದಲಿನ ಹಾಗೆಯೇ ಒಳಗೆ ಚೀಸಿನ ತುಂಡು ಹಾಕಿದ್ದಳು.

"ಅಕ್ಕ ಏನಂದ್ಲು?"

"ನಾನು ಫೋನ್ ಮಾಡ್ಲೇ ಇಲ್ಲ. ಪಿನ್ನು ಬಿಟ್ಕೊಂಡು ಅರ್ಧ ಗಂಟೆ ಆಯ್ತು, ಓವಿಡಿಯೊ. ಕಿಟಕಿಯಿಂದ ನೋಡ್ತಾ ಇದ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ನೀನೇ ಹೇಳು. ಇದು ಘಾಟಿ ಇಳಿಯುತ್ತೋ ಇಲ್ವೋ? ಇಲ್ಲ ಅಂದ್ರೆ ನಂಬ್ತೀನಿ, ಹೋಗಲ್ಲ. ಊಟಕ್ಕೆ ಬರ್ತೀನಿ ಅಂತ, ಹಬ್ಬಕ್ಕೆ ಬರ್ತೀನಿ ಅಂತ ನೂರು ಸುಳ್ಳು ಹೇಳಿದ್ದೀಯ. ಬ್ರೇಕಿನ ವಿಷಯದಲ್ಲಿ ಇವತ್ತಿನ ತನಕ ಹೇಳಿಲ್ಲ."

ಬೀದಿಯ ಕೆಳಗೆ ಯಾರೋ ಆವಕಾಡೊ ಮಾರುತ್ತ ಕೂಗಿಕೊಂಡು ಹೋದರು. ಆ ಕೂಗು ಪೂರ್ತಿ ದೂರವಾಗುವ ತನಕ ಓವಿಡಿಯೊ ಕಾದ.

"ಇಳಿಯುತ್ತೆ," ಎಂದ.

ಆಮೇಲೆ ಅವನು ಅವಸರ ಮಾಡಲಿಲ್ಲ. ಪಿನ್ನಿಗೆ ಗ್ರೀಸು ಹಚ್ಚಿ ಕೂರಿಸಿದ. ಪ್ಯಾಡನ್ನು ತಳ್ಳುವ ಪಿಸ್ಟನ್ನನ್ನು ಇಷ್ಟಿಷ್ಟೇ ಒಳಕ್ಕೆ ಒತ್ತಿ, ಮೇಲಿನ ಡಬ್ಬಿಯಿಂದ ಬ್ರೇಕ್ ಎಣ್ಣೆ ಉಕ್ಕದಂತೆ ನೋಡಿಕೊಂಡ. ಗ್ರೀಸಿನ ಕೈ ಒರೆಸಿಕೊಂಡು ಹೊಸ ಪ್ಯಾಡುಗಳನ್ನು ಅಂಚು ಹಿಡಿದು ಇಟ್ಟ. ಬಲಗಡೆ ಏನೂ ಕೆಟ್ಟಿರಲಿಲ್ಲ. ಅದನ್ನೂ ಬಿಚ್ಚಿ ಹೊಸದು ಹಾಕಿದ.

"ಅಲ್ಲಿ ಉಪ್ಪುಗಾಳಿ," ಎಂದ ನಟ್ಟು ಬಿಗಿಯುತ್ತ. "ಆರು ತಿಂಗಳಿಗೊಂದ್ಸಲ ಬಿಚ್ಚಿಸಿ ಗ್ರೀಸು ಹಾಕಿಸು. ಒಳ್ಳೆಯವನ ಹತ್ರ."

"ಒಳ್ಳೆಯವನು ಅಂತ ನಂಗೆ ಹ್ಯಾಗೆ ಗೊತ್ತಾಗ್ಬೇಕು?"

"ಎರಡೂ ಕಡೆ ಬದಲಾಯಿಸ್ತಾನೆ. ಒಂದೇ ಕಡೆ ಹಾಕಿ ಸಾಕು ಅನ್ನೋನ ಹತ್ರ ಹೋಗ್ಬೇಡ."

ಅವಳು ಕಾರಿನೊಳಗೆ ಕೂತು ಬ್ರೇಕ್ ಒತ್ತಿದಳು. ಪೆಡಲು ಸೀದಾ ತಳಕ್ಕೆ ಹೋಯಿತು. ಗಾಬರಿಯಿಂದ ಅವನ ಮುಖ ನೋಡಿದಳು.

"ಮೊದಲು ಹಾಗೇ. ಒತ್ತಿ ಬಿಡು, ಒತ್ತಿ ಬಿಡು. ಗಟ್ಟಿ ಆಗೋ ತನಕ ಕಾರು ಅಲುಗಿಸ್ಬಾರ್ದು."

ಐದನೇ ಸಲಕ್ಕೆ ಪೆಡಲು ಗಟ್ಟಿಯಾಯಿತು. "ಈಗ ಸಿಕ್ತು," ಎಂದಳು ನೂಬಿಯಾ. ಅವನು ಬಾಗಿಲಿನ ಮೇಲಿಟ್ಟಿದ್ದ ಕೈ ತೆಗೆದ.

ಭಾನುವಾರ ಬೆಳಗಿನ ಮಂಜಿನಲ್ಲಿ ಅವನು ಕೆಳಗೆ ಹೋಗಲಿಲ್ಲ. ತನ್ನ ಕೋಣೆಯ ಕಿಟಕಿಯಲ್ಲಿ ನಿಂತ. ಕಾರು ಆ ಕಡಿದಾದ ಬೀದಿಯಲ್ಲಿ ಇಳಿಯುತ್ತಿತ್ತು. ಮೊದಲ ತಿರುವಿನಲ್ಲಿ ಹಿಂದಿನ ಕೆಂಪು ದೀಪಗಳು ಹೊತ್ತಿ ಆರಿದವು. ಎರಡನೆಯದರಲ್ಲೂ ಹಾಗೆಯೇ. ದೊಡ್ಡ ರಸ್ತೆ ಸೇರುವಲ್ಲಿ ಅಡ್ಡ ಬಂದ ಹಾಲಿನ ಲಾರಿಯ ಮುಂದೆ ಕಾರು ಗೇಣಷ್ಟೂ ಜಾರದೆ ನಿಂತಿತು. ಓವಿಡಿಯೊನ ಬಲಗಾಲು ನೆಲವನ್ನು ಬಲವಾಗಿ ಒತ್ತಿ ಹಿಡಿದಿತ್ತು. ಲಾರಿ ಹೋಯಿತು, ಕೆಂಪು ದೀಪ ಆರಿತು, ಕಾರು ತಿರುಗಿ ಮರೆಯಾಯಿತು. ಅವನು ಮಾತ್ರ ಕಾಲೆತ್ತಲಿಲ್ಲ.