ಸಾವಿರದ ನಾನ್ನೂರನೆಯ ಪಂದ್ಯ

ಐಸ್ ಹಾಕಿ ಲೀಗು ಶುರುವಾದಾಗ, ತುಂಗಭದ್ರಾ ಜಲಾಶಯದ ಮಂಜುಗಡ್ಡೆ ಕರಗುವವರೆಗೆ ಸೀಸನ್ ಎಂದು ನಿಯಮ ಬರೆದರು. ಆಗೆಲ್ಲ ಅದು ಮಾರ್ಚಿಗೆ ತಾನೇ ಕರಗುತ್ತಿತ್ತು. ಈಗ ಒಂಬತ್ತು ವರ್ಷದಿಂದ ಕರಗಿಲ್ಲ. ಹೊಸಪೇಟೆ ತಂಡದ ಗೋಲ್‌ಕೀಪರ್ ಹುಲುಗಪ್ಪ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಸಾವಿರದ ನಾನ್ನೂರನೆಯ ಪಂದ್ಯಕ್ಕೆ ನಿಂತಿದ್ದ. "ಸೀಸನ್ ಮುಗೀಲಿ, ಮನ್ಯಾಗ ಕುಂತು ಬಿಸಿ ರೊಟ್ಟಿ ತಿಂತೀನಿ" ಎಂದು ಹೆಂಡತಿಗೆ ಹೇಳಿ ಹೇಳಿ ಅವನಿಗೇ ನಾಚಿಕೆಯಾಗಿತ್ತು.

ಆಟದ ನಡುವೆ ಕೊಪ್ಪಳ ತಂಡದ ದುರುಗೇಶ ಗೋಲಿನ ಮುಂದೆ ಗಕ್ಕನೆ ನಿಂತ. "ಹುಲುಗಪ್ಪಣ್ಣ, ನಿನ್ನ ಕಾಲ ಬುಡಕ ನೀರು."

ಎರಡೂ ತಂಡದವರು ಸುತ್ತ ನೆರೆದರು. ಇಂಥ ಹೊತ್ತಿನಲ್ಲಿ ರೆಫರಿ ರುಚಿ ನೋಡಬೇಕು: ಉಪ್ಪಿದ್ದರೆ ಬೆವರು, ಸಪ್ಪೆಯಾದರೆ ಕರಗಿದ ಮಂಜು. ರೆಫರಿ ಇಮಾಮಸಾಬರು ಮಂಡಿಯೂರಿ, ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು. ಬಹಳ ಹೊತ್ತು ತಲೆ ಎತ್ತಲಿಲ್ಲ.

"ಉಪ್ಪೈತಿ. ಬೆವರು. ಆಡ್ರಿ," ಎಂದರು.

ಆಟಗಾರರು ಸ್ಟಿಕ್ಕು ಎಳೆದುಕೊಂಡು ತಮ್ಮ ತಮ್ಮ ಜಾಗಕ್ಕೆ ಹೋದರು. ಹುಲುಗಪ್ಪ ಕೈಗವಸು ಕಳಚಿ ತಾನೂ ಬೆರಳದ್ದಿ ನೆಕ್ಕಿದ. ಸಪ್ಪೆ ಇತ್ತು.

ತಲೆ ಎತ್ತಿದರೆ, ಇಮಾಮಸಾಬರು ಬಾಯಲ್ಲಿಟ್ಟ ಸೀಟಿ ಊದದೆ ಅವನನ್ನೇ ನೋಡುತ್ತಿದ್ದರು. ಮನೆಯಲ್ಲಿ ಯಾರೂ ಉಳಿದಿಲ್ಲದ ಅವರು ಪಂದ್ಯವಿಲ್ಲದ ದಿನವೂ ಮೈದಾನಕ್ಕೆ ಬಂದು ಕೂರುತ್ತಿದ್ದುದು ಎರಡೂ ಊರಿಗೆ ಗೊತ್ತಿತ್ತು.

ಹುಲುಗಪ್ಪ ಸ್ಕೇಟಿನ ಅಂಚಿನಿಂದ ಮಂಜಿನ ಪುಡಿ ಕೆರೆದು ಆ ನೀರಿನ ಮೇಲೆ ಎಳೆದ.

"ಊದ್ರಿ, ಸಾಹೇಬ್ರ," ಎಂದ.